ಅಡುಗೆಯ ಸರದಿ ಯಾರದು?

ಓದುಗರ ಪತ್ರ: ನಾವು ಏಳು ಜೋಡಿ, ಕಾಲೇಜಿನ ದಿನಗಳಿಂದ ಸ್ನೇಹಿತರು. ಎಲ್ಲರೂ ನಿವೃತ್ತರು, ಮಕ್ಕಳು ಅಮೆರಿಕ, ಬೆಂಗಳೂರು ಅಂತ ಚದುರಿದ್ದಾರೆ. ಊರಾಚೆ ಜಮೀನು ಕೊಂಡು ಏಳು ಪುಟ್ಟ ಮನೆ, ನಡುವೆ ಎಲ್ಲರಿಗೂ ಸೇರಿದ ಅಡುಗೆಮನೆ, ಊಟದ ಹಾಲ್ ಕಟ್ಟಿಕೊಳ್ಳುವ ಯೋಚನೆಯಿದೆ. ಹೊರದೇಶದಲ್ಲಿ ಇದನ್ನು ಕೋಹೌಸಿಂಗ್ ಅನ್ನುತ್ತಾರಂತೆ. ನಮ್ಮ ಹಳೆಯ ವಠಾರವೇ ಅಲ್ಲವೇ ಇದು? ನಡೆದೀತೇ? ತಾ.ಕ.: “ನಲವತ್ತು ವರ್ಷ ನಾಲ್ಕು ಜನಕ್ಕೆ ಬೇಯಿಸಿದ್ದು ಸಾಲದೇ, ಇನ್ನು ಹದಿನಾಲ್ಕು ಜನಕ್ಕೆ ಬೇಯಿಸಲೇ?” ಎಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ.
— ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಪತ್ರದ ತಿರುಳೆಲ್ಲ ತಾ.ಕ.ದಲ್ಲಿದೆ. ಅಲ್ಲಿಗೆ ಬರುತ್ತೇನೆ. ಮೊದಲು ವಠಾರದ ಮಾತು ಮುಗಿಸಿಬಿಡೋಣ.

ನಾನು ಬೆಳೆದದ್ದು ವಠಾರದಲ್ಲೇ. ಒಂದು ಗೇಟು, ಎದುರುಬದುರು ಒಂಬತ್ತು ಮನೆ, ನಡುವೆ ಒಂದು ನಲ್ಲಿ, ಹಿಂದುಗಡೆ ಎರಡು ಕಕ್ಕಸು. ಬೆಳಗಿನ ಜಾವಕ್ಕೇ ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟುತ್ತಿದ್ದವು. ನಮ್ಮ ಕೊಡ ಗೊತ್ತಾಗಲೆಂದು ಅಮ್ಮ ಅದರ ಕಂಠಕ್ಕೆ ಕೆಂಪು ದಾರ ಕಟ್ಟಿದ್ದಳು. ಒಂಬತ್ತು ಮನೆಗೂ ಒಂದೇ ಮೀಟರು. ರಾತ್ರಿ ಹತ್ತಾದರೆ ಮಾಲೀಕರು ಮೇನ್ ಸ್ವಿಚ್ ಆರಿಸುತ್ತಿದ್ದರು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಾರ ಅಪ್ಪ ಹೋಗಿ ಕೇಳಿಕೊಂಡರು. “ಬೆಳಿಗ್ಗೆ ಬೇಗ ಎದ್ದು ಓದಿಕೊಳ್ಳಲಿ ಬಿಡಿ” ಎಂಬ ಉತ್ತರ ಬಂತು. ಸೀಮೆಎಣ್ಣೆ ಬುಡ್ಡಿ ಇಟ್ಟುಕೊಂಡು ಓದಿದೆ. ಅಜ್ಜಿ ತೀರಿಕೊಂಡಾಗ ಎಂಟೂ ಮನೆಯವರು ಹೊತ್ತುಹೊತ್ತಿಗೆ ಅನ್ನ ತಂದುಕೊಟ್ಟದ್ದೂ ಅದೇ ವಠಾರದಲ್ಲಿ. ಆದರೆ ಅಲ್ಲಿ ನಲ್ಲಿ ಹಂಚಿಕೊಂಡದ್ದು ಬೇರೆ ಗತಿಯಿಲ್ಲದೆ. ಸ್ವಿಚ್ಚು ಯಾರ ಕೈಯಲ್ಲಿರಬೇಕೆಂದು ನಮ್ಮನ್ನು ಯಾರೂ ಕೇಳಿರಲಿಲ್ಲ.

ಕೋಹೌಸಿಂಗ್‌ನಲ್ಲಿ ಗೋಡೆ ಏಳುವ ಮೊದಲೇ ಆ ಪ್ರಶ್ನೆ ಕೇಳುತ್ತಾರೆ. ಇದು ಶುರುವಾದದ್ದು ಡೆನ್ಮಾರ್ಕಿನಲ್ಲಿ. 1964ರಲ್ಲಿ ಯಾನ್ ಗುಡ್ಮಂಡ್-ಹೋಯರ್ ಎಂಬ ವಾಸ್ತುಶಿಲ್ಪಿ ಕೆಲವು ಸ್ನೇಹಿತರನ್ನು ಸೇರಿಸಿಕೊಂಡು, ಹೆಚ್ಚುಕಡಿಮೆ ನಿಮ್ಮ ಹಾಗೆಯೇ, ಕೋಪನ್‌ಹೇಗನ್ ಹೊರವಲಯದಲ್ಲಿ ಜಾಗ ಕೊಂಡ. ಮಕ್ಕಳ ಗಲಾಟೆ ವಿಪರೀತವಾದೀತೆಂದು ಅಕ್ಕಪಕ್ಕದವರು ಅಡ್ಡಗಾಲು ಹಾಕಿದರು, ಯೋಜನೆ ಬಿದ್ದುಹೋಯಿತು. 1967ರಲ್ಲಿ ಬೋಡಿಲ್ ಗ್ರೋ ಎಂಬಾಕೆ, ಮಕ್ಕಳಿಗೆ ನೂರು ಮಂದಿ ತಂದೆತಾಯಿ ಬೇಕು ಎಂದು ಪತ್ರಿಕೆಯೊಂದರಲ್ಲಿ ಬರೆದರು. ಮರುವರ್ಷ ಈತನೂ ಬರೆದ. ಓದಿದವರು ಹುಡುಕಿಕೊಂಡು ಬಂದರು. ಹಿಲ್ಲೆರೋಡ್ ಪಟ್ಟಣದ ಬಳಿ ಸೆಟ್ಟೆಡಾಮೆನ್‌ನಲ್ಲಿ 27 ಮನೆಗಳು 1972ರಲ್ಲಿ ಎದ್ದು ನಿಂತವು, ಇಂದಿಗೂ ಇವೆ. (ಪತ್ರಿಕೆಯಲ್ಲಿ ಬಂದ ಲೇಖನದಿಂದ ಮನೆ ಕಟ್ಟಿದ್ದೂ ಉಂಟು ಎಂದು ಹೇಳಿಕೊಳ್ಳಲು ನನಗೆ ಸಿಕ್ಕ ಒಂದೇ ಉದಾಹರಣೆ, ಬಿಡಲಾರೆ.)

ಅಲ್ಲಿಯ ಕಟ್ಟೋಣದಲ್ಲಿ ಗಮನಿಸಬೇಕಾದದ್ದು ಒಂದಿದೆ. ಸಮುದಾಯದ ಅಡುಗೆಮನೆ ಎಷ್ಟೇ ದೊಡ್ಡದಿರಲಿ, ಪ್ರತಿ ಮನೆಗೂ ಅದರದೇ ಒಲೆ ಉಂಟು, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲುಂಟು. ಸಂಜೆ ಊಟಕ್ಕೆ ಬರುವುದೂ ಬಾರದಿರುವುದೂ ಅವರವರ ಇಷ್ಟ. ಮನೆಗಳನ್ನು ತುಸು ಚಿಕ್ಕದು ಮಾಡಿ, ಉಳಿದ ಹಣವನ್ನು ಸಮುದಾಯ ಭವನಕ್ಕೆ ಹಾಕುತ್ತಾರೆ. ಕಾರುಗಳೆಲ್ಲ ಅಂಚಿನಲ್ಲಿ, ಒಳಗೆ ನಡೆದೇ ಹೋಗಬೇಕು, ಹಾಗಾಗಿ ನಾಲ್ಕು ಮುಖ ಕಣ್ಣಿಗೆ ಬಿದ್ದೇ ಬೀಳುತ್ತವೆ. ನಿಮ್ಮ ನಕ್ಷೆಯಲ್ಲಿ ಸ್ವಂತ ಅಡುಗೆಮನೆ ಬಿಟ್ಟು ದುಡ್ಡು ಉಳಿಸುವ ಯೋಚನೆ ಯಾರಿಗಾದರೂ ಇದ್ದರೆ ಇವತ್ತೇ ಕೈಬಿಡಿ.

ಇನ್ನು ನಿಮ್ಮ ಶ್ರೀಮತಿಯವರ ಪ್ರಶ್ನೆ. ಡೆನ್ಮಾರ್ಕಿನ ಪದ್ಧತಿಯಲ್ಲಿ ಸರದಿ ಬೀಳುವುದು ಮನೆಗಲ್ಲ, ಆಳಿಗೆ. ಲೆಕ್ಕ ಹಾಕಿ ನೋಡಿ: ನೀವು ಹದಿನಾಲ್ಕು ಮಂದಿ, ವಾರಕ್ಕೆ ಮೂರು ರಾತ್ರಿ ಒಟ್ಟಿಗೆ ಊಟ, ಇಬ್ಬಿಬ್ಬರು ಅಡುಗೆಗೆ. ಒಬ್ಬೊಬ್ಬರ ಸರದಿ ಹದಿನಾರು ದಿನಕ್ಕೊಮ್ಮೆ ಬರುತ್ತದೆ. ಏಳು ಗಂಡಸರು “ತರಕಾರಿ ತಂದುಕೊಡುತ್ತೇವೆ, ಸಿಲಿಂಡರ್ ನೋಡಿಕೊಳ್ಳುತ್ತೇವೆ” ಎಂದು ಜಾರಿಕೊಂಡರೆ ಅದೇ ಸರದಿ ಎಂಟು ದಿನಕ್ಕೊಮ್ಮೆ ಹೆಂಗಸರ ತಲೆಗೆ. ಆಗ ನಿಮ್ಮ ಶ್ರೀಮತಿಯವರದೇ ಸರಿ, ನೀವು ಕಟ್ಟುತ್ತಿರುವುದು ಕೂಡುಕುಟುಂಬ. ನಿಮಗೆ ಅನ್ನಕ್ಕೆ ನೀರು ಎಷ್ಟು ಇಡಬೇಕೆಂದು ಗೊತ್ತೇ? ಗೊತ್ತಿದ್ದರೆ ಕ್ಷಮಿಸಿ.

ಡೆನ್ಮಾರ್ಕಿಗಿಂತ ನಮ್ಮಲ್ಲಿ ತೊಡಕು ಹೆಚ್ಚು. ಏಳು ಮನೆಯವರೂ ಒಂದೇ ಜಾತಿಯವರೋ ಅಲ್ಲವೋ, ನೀವು ಬರೆದಿಲ್ಲ. ಆ ಅಡುಗೆಮನೆಗೆ ಮೊಟ್ಟೆ ಬರಬಹುದೇ? ಕೋಳಿ? ಬೆಳ್ಳುಳ್ಳಿ? ಸ್ನಾನ ಮಾಡದೆ ಒಲೆ ಮುಟ್ಟಬಹುದೇ? ಕ್ಯಾಂಟೀನಿನಲ್ಲಿ ನಲವತ್ತು ವರ್ಷ ಒಂದೇ ಟೇಬಲ್ಲಿನಲ್ಲಿ ತಿಂದವರು ಕೂಡ ಮನೆಯ ಒಲೆಯ ವಿಷಯ ಬಂದಾಗ ಬೇರೆ ಮನುಷ್ಯರಾಗುತ್ತಾರೆ. ಈ ಮಾತನ್ನು ಸಂಕೋಚಕ್ಕೆ ಮುಂದೂಡಿದರೆ, ಗೃಹಪ್ರವೇಶದ ಮಾರನೆಯ ದಿನ ಅದು ಜಗಳವಾಗಿ ಬರುತ್ತದೆ.

ಜಮೀನಿನ ವಿಚಾರ ವಕೀಲರಿಗೆ ಬಿಡಿ. ಕೃಷಿ ಜಮೀನಾದರೆ ಭೂಪರಿವರ್ತನೆ ಆಗದೆ ಮುಂಗಡ ಕೊಡಬೇಡಿ. ಇನ್ನೊಂದನ್ನು ಮಾತ್ರ ನೀವೇ ಕೂತು ಮಾತಾಡಬೇಕು. ನಿಮ್ಮಲ್ಲೊಬ್ಬರು ತೀರಿಕೊಂಡರೆ ಆ ಮನೆ ಅಮೆರಿಕದ ಮಗನದಾಗುತ್ತದೆ. ಅವನು ಅದನ್ನು ಯಾರಿಗೆ ಮಾರಬೇಕು, ನಿಮ್ಮನ್ನು ಮೊದಲು ಕೇಳಬೇಕೇ, ಬೆಲೆ ಕಟ್ಟುವವರು ಯಾರು, ಇದೆಲ್ಲ ಕಾಗದದ ಮೇಲೆ ಇರಲಿ. ವಯಸ್ಸಿನ ಲೆಕ್ಕವನ್ನೂ ಮರೆಯಬೇಡಿ. ಉತ್ತರ ಲಂಡನ್ನಿನ ಬಾರ್ನೆಟ್‌ನಲ್ಲಿ ಐವತ್ತು ದಾಟಿದ ಹೆಂಗಸರೇ ಸೇರಿ 25 ಫ್ಲ್ಯಾಟುಗಳ ಇಂಥದೊಂದು ವಸತಿ ಮಾಡಿಕೊಂಡಿದ್ದಾರೆ. ಗುಂಪು ಕಟ್ಟಿದ್ದು 1998ರಲ್ಲಿ, ಒಳಗೆ ಕಾಲಿಟ್ಟದ್ದು 2016ರಲ್ಲಿ. ಗಂಡಸರು ಅಲ್ಲಿಗೆ ಅತಿಥಿಗಳಾಗಿ ಬರಬಹುದು, ವಾಸಕ್ಕಿರುವಂತಿಲ್ಲ. ಅಡುಗೆಯ ಸರದಿಯ ಪ್ರಶ್ನೆಯನ್ನು ಅವರು ಹಾಗೆ ಬಗೆಹರಿಸಿಕೊಂಡರೋ ಏನೋ!

ಜಮೀನು ನೋಡಲು ಹೋಗುವ ಮೊದಲು ಒಂದು ಕೆಲಸ ಮಾಡಿ. ಮೂರು ತಿಂಗಳು, ವಾರಕ್ಕೆ ಮೂರು ರಾತ್ರಿ, ನಿಮ್ಮ ಏಳರಲ್ಲಿ ಯಾರದಾದರೂ ಮನೆಯಲ್ಲಿ ಹದಿನಾಲ್ಕು ಜನರೂ ಸೇರಿ ಊಟ ಮಾಡಿ. ಸರದಿಯ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ. ಮೊದಲ ಎರಡು ಹೆಸರು ಗಂಡಸರದಿರಲಿ. ಮುಸುರೆ ಪಾತ್ರೆ ತೊಳೆಯುವುದೂ ಆ ಸರದಿಯಲ್ಲೇ ಸೇರಿದೆ. ಆಮೇಲೆ ನಮಗೆ ಇನ್ನೊಂದು ಪತ್ರ ಬರೆಯಿರಿ. ಈ ಸಲ ಪತ್ರವನ್ನು ನಿಮ್ಮ ಶ್ರೀಮತಿಯವರು ಬರೆಯಲಿ, ತಾ.ಕ. ನಿಮಗಿರಲಿ.