25 ಮೀಟರಿಗೇ ಏದುಸಿರು ಬರುವವರು ಸ್ಕೂಬಾ ಕಲಿಯಬಹುದೇ?

ಸ್ಕೂಬಾ, ಅಂದರೆ ಗಾಳಿ ತುಂಬಿದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರಿನಡಿ ಇಳಿಯುವುದನ್ನು, ಕಲಿಯಬಹುದು. ಈಜುಕೊಳದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಗೋಡೆ ಹಿಡಿದು ನಿಲ್ಲುವಂತಾಗುತ್ತದೆ ಎಂದಿದ್ದೀರಿ. ಅದು ದೇಹದಲ್ಲಿ ಕಸುವಿಲ್ಲದ್ದಕ್ಕಿಂತ ಉಸಿರಾಟದ ಎಡವಟ್ಟೇ ಇರಬೇಕು ಎಂದು ನನ್ನ ಅನುಮಾನ.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ತರಬೇತುದಾರರು ಜೊತೆಯಲ್ಲೇ ಇದ್ದು ಒಮ್ಮೆ ಮುಳುಗಿಸಿ ತೋರಿಸುತ್ತಾರಲ್ಲ, ಅಷ್ಟಕ್ಕಾದರೆ ಈಜು ಬರದಿದ್ದರೂ ನಡೆಯುತ್ತದೆ. ನಿಮಗೆ ಬೇಕಿರುವುದು ಸ್ಕೂಬಾ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಪ್ಯಾಡಿಯ (PADI) ಓಪನ್ ವಾಟರ್ ಪ್ರಮಾಣಪತ್ರವಾದರೆ, ಅಂದರೆ ಜೊತೆಗಾರರೊಂದಿಗೆ 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆಯಾದರೆ, ಎರಡು ಪರೀಕ್ಷೆಗಳಿವೆ. 200 ಮೀಟರ್ ನಿಲ್ಲದೆ ಈಜಬೇಕು. ಕಣ್ಣು ಮೂಗು ಮುಚ್ಚುವ ಮಾಸ್ಕ್, ಉಸಿರಾಡುವ ಕೊಳವೆಯಾದ ಸ್ನಾರ್ಕೆಲ್, ಕಾಲಿಗೆ ಹಾಕುವ ಈಜುರೆಕ್ಕೆಯಾದ ಫಿನ್ ತೊಟ್ಟರೆ 300 ಮೀಟರ್. ಜೊತೆಗೆ, ಯಾವ ಆಸರೆಯೂ ಇಲ್ಲದೆ 10 ನಿಮಿಷ ತೇಲಬೇಕು. ಈಜಿಗೆ ಸಮಯದ ಮಿತಿ ಇಲ್ಲ, ಇಂಥದ್ದೇ ಶೈಲಿ ಎಂಬ ಕಟ್ಟಳೆಯೂ ಇಲ್ಲ.

ಎಲ್ಲರೂ 200 ಮೀಟರಿಗೆ ಹೆದರುತ್ತಾರೆ. ನಾನು ಜನ ಒದ್ದಾಡುವುದನ್ನು ನೋಡಿರುವುದು ತೇಲುವಾಗ. ತಲೆಯನ್ನು ನೀರಿನಿಂದ ಮೇಲೆತ್ತಿ ಹಿಡಿಯುತ್ತಾರೆ, ಸೊಂಟ ಕೆಳಗಿಳಿಯುತ್ತದೆ, ಕಾಲು ಬಡಿಯುತ್ತಾರೆ, ಸ್ವಲ್ಪ ಹೊತ್ತಿನಲ್ಲೇ ತೊಡೆ ಸೋಲುತ್ತದೆ. ಅಂಗಾತ ಮಲಗಿ, ಕಿವಿ ಮುಳುಗುವಷ್ಟು ತಲೆ ಹಿಂದಕ್ಕೆ ಚೆಲ್ಲಿ, ಎದೆ ತುಂಬ ಉಸಿರಿಟ್ಟುಕೊಂಡರೆ ನೀರೇ ಹೊರುತ್ತದೆ. ಊರ ಬಾವಿಯಲ್ಲಿ ಈಜು ಕಲಿತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈಜುವಾಗ ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗು ಬಾಯಿಗಳಿಂದ ನಿಧಾನವಾಗಿ ಉಸಿರು ಬಿಡುತ್ತಿರಿ. ಬಿಗಿಹಿಡಿದು, ತಲೆ ಎತ್ತಿದಾಗ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಲು ಹೋದರೆ 25 ಮೀಟರಿಗೇ ದಮ್ಮು ಕಟ್ಟುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ, ಮುಜುಗರವಾಗುವಷ್ಟು ನಿಧಾನವಾಗಿ ಈಜಿ. ಸ್ಕೂಬಾದಲ್ಲೂ ಅವಸರದವರ ಸಿಲಿಂಡರೇ ಮೊದಲು ಖಾಲಿಯಾಗುವುದು.

ಇನ್ನೊಂದು ಅಭ್ಯಾಸ: ಆಗಾಗ ಈಜುಗನ್ನಡಕ ತೆಗೆದಿಟ್ಟು ಮುಖ ಮುಳುಗಿಸಿ. ತರಬೇತಿಯಲ್ಲಿ ಮಾಸ್ಕಿನೊಳಗೆ ಬೇಕೆಂದೇ ನೀರು ಬಿಟ್ಟುಕೊಂಡು, ಮೇಲಿನ ಅಂಚನ್ನು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಊದಿ ಅದನ್ನು ಹೊರಹಾಕಬೇಕಾಗುತ್ತದೆ. ಚೆನ್ನಾಗಿ ಈಜುವವರೂ ಇಲ್ಲಿ ಗಾಬರಿ ಬೀಳುವುದುಂಟು.

ಆಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಏನಾದರೂ ಇದ್ದರೆ ಹಣ ಕಟ್ಟುವ ಮೊದಲೇ ವೈದ್ಯರನ್ನು ಕಾಣಿ. ಆರೋಗ್ಯದ ಪ್ರಶ್ನಾವಳಿಯಲ್ಲಿ ಇವನ್ನೆಲ್ಲ ಕೇಳುತ್ತಾರೆ, ಮುಚ್ಚಿಡಬೇಡಿ. ಮಳೆಗಾಲದಲ್ಲಿ ಹೇಗೂ ನೇತ್ರಾಣಿಗೆ ದೋಣಿ ಬಿಡುವುದಿಲ್ಲ. ಆ ತಿಂಗಳುಗಳು ಕೊಳದ ಅಭ್ಯಾಸಕ್ಕೆ ಸಾಕು.