ಓದುಗರ ಪ್ರಶ್ನೆ, ನಮ್ಮ ಉತ್ತರ: ಕರ್ನಲ್ ಕಾನ್ಫಿಗರೇಷನ್ ಕಡತದ ಟಿಪ್ಪಣಿಗಳು

ಪ್ರಶ್ನೆ: ದಾವಣಗೆರೆಯ ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಹಳೆಯ ಯಂತ್ರಗಳಲ್ಲಿ ಯುನಿಕ್ಸ್ ಮಾದರಿಯ ಕಾರ್ಯಾಚರಣಾ ವ್ಯವಸ್ಥೆಯಾದ ಫ್ರೀಬಿಎಸ್‌ಡಿ ಇದೆ. ನನಗಿಂತ ಮೊದಲು ಇದ್ದವರು ಕರ್ನಲಿನಲ್ಲಿ, ಅಂದರೆ ವ್ಯವಸ್ಥೆಯ ತಿರುಳಿನಲ್ಲಿ, ಏನೇನಿರಬೇಕೆಂದು ಹೇಳುವ ‘ಜೆನೆರಿಕ್’ ಎಂಬ ಮೂಲ ಕಾನ್ಫಿಗರೇಷನ್ ಕಡತವನ್ನು ನಕಲು ಮಾಡಿ, ಉದ್ದನೆಯ ಟಿಪ್ಪಣಿಗಳನ್ನೆಲ್ಲ ತೆಗೆದು ಚೊಕ್ಕಟ ಮಾಡಿಟ್ಟಿದ್ದರು. ಬೇಸಿಗೆ ರಜೆಯಲ್ಲಿ ನಾನು ಅದರಲ್ಲಿ ಬೇಡವೆನಿಸಿದ ಸಾಲುಗಳನ್ನು ಅಳಿಸಿ ಹೊಸ ಕರ್ನಲ್ ಸಿದ್ಧಪಡಿಸಿದೆ. ಯಂತ್ರಗಳು ಸರಿಯಾಗಿಯೇ ಬೂಟ್ ಆದವು, ಆದರೆ ಒಂದಕ್ಕೂ ಐಪಿ ವಿಳಾಸ ಸಿಗಲಿಲ್ಲ. ನೆಟ್‌ವರ್ಕ್ ಕಾರ್ಡಿನ ಡ್ರೈವರನ್ನು ನಾನು ಮುಟ್ಟಿಯೇ ಇರಲಿಲ್ಲ. ಕೊನೆಗೆ ‘ಬಿಪಿಎಫ್’ ಎಂಬ ಸಾಲನ್ನು ಮರಳಿ ಸೇರಿಸಿದ ಮೇಲೆ ಸರಿಹೋಯಿತು. ಆ ಸಾಲಿನ ಪಕ್ಕದಲ್ಲಿ ‘ಬರ್ಕ್ಲಿ ಪ್ಯಾಕೆಟ್ ಫಿಲ್ಟರ್’ ಎಂದಷ್ಟೇ ಬರೆದಿತ್ತು. ಈಗ ಇಡೀ ಕಡತದ ಟಿಪ್ಪಣಿಗಳನ್ನು ನಾನೇ ಹೊಸದಾಗಿ ಬರೆಯಬೇಕೆಂದಿದ್ದೇನೆ. ಯಾವ ಕ್ರಮ ಅನುಸರಿಸಬೇಕು?

ಉತ್ತರ: ನಿಮಗೆ ಬೇಕಾಗಿದ್ದ ಮಾಹಿತಿ ಮೂಲ ಕಡತದಲ್ಲಿ ಇದ್ದೇ ಇತ್ತು. ಫ್ರೀಬಿಎಸ್‌ಡಿಯ ಜೆನೆರಿಕ್ ಕಡತದಲ್ಲಿ ಬಿಪಿಎಫ್ ಸಾಲಿನ ಮೇಲ್ಗಡೆ ಒಂದು ಪುಟ್ಟ ಟಿಪ್ಪಣಿ ಇದೆ: ಈ ಸಾಧನವು ಬರ್ಕ್ಲಿ ಪ್ಯಾಕೆಟ್ ಫಿಲ್ಟರನ್ನು ಸಕ್ರಿಯಗೊಳಿಸುತ್ತದೆ, ಇದರಿಂದಾಗುವ ಆಡಳಿತಾತ್ಮಕ ಪರಿಣಾಮಗಳ ಬಗ್ಗೆ ಎಚ್ಚರವಿರಲಿ, ಡಿಎಚ್‌ಸಿಪಿಗೆ (ಯಂತ್ರಗಳಿಗೆ ಐಪಿ ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆಗೆ) ಬಿಪಿಎಫ್ ಅಗತ್ಯ ಎಂಬುದನ್ನು ಗಮನಿಸಿ ಎಂಬುದು ಅದರ ಸಾರಾಂಶ. ಯಂತ್ರಕ್ಕೆ ಇನ್ನೂ ವಿಳಾಸವೇ ಇಲ್ಲದ ಹೊತ್ತಿನಲ್ಲಿ ಸಾಮಾನ್ಯ ಸಾಕೆಟ್ ಮಾರ್ಗ (ತಂತ್ರಾಂಶಗಳು ಜಾಲವನ್ನು ಬಳಸುವ ಎಂದಿನ ದಾರಿ) ಸಾಲದೆ, ಡಿಎಚ್‌ಸಿಪಿ ಕ್ಲೈಂಟ್ ಪ್ಯಾಕೆಟ್‌ಗಳನ್ನು ನೇರವಾಗಿ ನೆಟ್‌ವರ್ಕ್ ಕಾರ್ಡಿನ ಮಟ್ಟದಲ್ಲಿಯೇ ಕಳುಹಿಸಬೇಕು ಮತ್ತು ಓದಬೇಕು. ಆ ಕೆಲಸಕ್ಕೆ ಅದು ಬಳಸುವ ಬಾಗಿಲೇ ಬಿಪಿಎಫ್. ಮೇಲಿನ ಟಿಪ್ಪಣಿಯನ್ನು ತೆಗೆದವರು ಪಕ್ಕದ ಟಿಪ್ಪಣಿಯನ್ನು ಮಾತ್ರ ಉಳಿಸಿದರು. ಇವೆರಡರಲ್ಲಿ ಕೆಲಸಕ್ಕೆ ಬಾರದ್ದು ಪಕ್ಕದ್ದೇ.

ಇದರಿಂದ ಮೊದಲ ನಿಯಮ ತಾನಾಗಿಯೇ ಹೊರಡುತ್ತದೆ. ಕಾನ್ಫಿಗರೇಷನ್ ಕಡತದ ಟಿಪ್ಪಣಿಯನ್ನು ಗಮನವಿಟ್ಟು ಓದುವವರು ಆ ಸಾಲನ್ನು ಸೇರಿಸಿದವರಲ್ಲ, ಅದನ್ನು ಅಳಿಸಲು ಹೊರಟವರು. ಅವರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಈ ಸಾಲು ಇಲ್ಲದಿದ್ದರೆ ಏನು ನಿಲ್ಲುತ್ತದೆ? ಟಿಪ್ಪಣಿ ಇದಕ್ಕೆ ಉತ್ತರ ಕೊಡಬೇಕು. ಜೆನೆರಿಕ್ ಕಡತದಲ್ಲಿ ‘ಐನೆಟ್’ ಎಂಬ ಆಯ್ಕೆಯ ಮುಂದೆ ಬಹುಕಾಲದಿಂದ ‘ಇಂಟರ್‌ನೆಟ್‌ವರ್ಕಿಂಗ್’ ಎಂಬ ಟಿಪ್ಪಣಿ ಇದೆ. ನಮ್ಮ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ಚೀಲದ ಮೇಲೆ ತೇವಾಂಶವನ್ನೂ ಲಾಟ್ ಸಂಖ್ಯೆಯನ್ನೂ ಬಿಟ್ಟು ‘ಚೀಲ’ ಎಂದು ಬರೆದರೆ ಖರೀದಿದಾರನಿಗೆ ಎಷ್ಟು ಪ್ರಯೋಜನವೋ ಇದರಿಂದಲೂ ಅಷ್ಟೇ. ಐಪಿ ನಾಲ್ಕನೆಯ ಆವೃತ್ತಿಯ ಜಾಲ ಸೌಲಭ್ಯ ಇಡಿಯಾಗಿ ಈ ಆಯ್ಕೆಯ ಮೇಲೆ ನಿಂತಿದೆ ಎಂದಿದ್ದರೆ ಅದು ಟಿಪ್ಪಣಿ ಎನಿಸಿಕೊಳ್ಳುತ್ತಿತ್ತು.

ಅದೇ ಕಡತದಲ್ಲಿ ಮಾದರಿಯಾಗಬಲ್ಲ ಟಿಪ್ಪಣಿಗಳೂ ಇವೆ. ಕೆಲವು ಎತರ್ನೆಟ್ ಕಾರ್ಡುಗಳ ಡ್ರೈವರ್‌ಗಳು ‘ಎಂಐಐಬಸ್’ ಎಂಬ ಸಾಮಾನ್ಯ ಭಾಗವನ್ನು ಅವಲಂಬಿಸಿವೆ. ಈ ಕಾರ್ಡುಗಳನ್ನು ಬಳಸುವುದಾದರೆ ಎಂಐಐಬಸ್ ಸಾಲನ್ನು ತಪ್ಪದೆ ಉಳಿಸಿಕೊಳ್ಳಿ ಎಂದು ಅನೇಕ ಆವೃತ್ತಿಗಳ ಜೆನೆರಿಕ್ ಕಡತದಲ್ಲಿ ಆ ಗುಂಪಿನ ತಲೆಯ ಮೇಲೆಯೇ ಬರೆದಿತ್ತು. ‘ಇನ್‌ವೇರಿಯಂಟ್ ಸಪೋರ್ಟ್’ ಎಂಬ ಸಾಲಿನ ಮುಂದೆಯೂ, ಇದು ಕರ್ನಲಿನ ಆಂತರಿಕ ತಪಾಸಣೆಗಳನ್ನು ನಡೆಸುವ ‘ಇನ್‌ವೇರಿಯಂಟ್ಸ್’ ಎಂಬ ಇನ್ನೊಂದು ಆಯ್ಕೆಗೆ ಬೇಕೇ ಬೇಕು ಎಂದು ಸ್ಪಷ್ಟವಾಗಿದೆ. ಒಂದು ಸಾಲು ಮತ್ತೊಂದನ್ನು ಆಧರಿಸಿದೆ ಎಂಬ ಸಂಗತಿ ಆಯ್ಕೆಯ ಹೆಸರನ್ನು ನೋಡಿ ಎಂದೂ ತಿಳಿಯುವುದಿಲ್ಲವಾದ್ದರಿಂದ, ನಿಮ್ಮ ಶ್ರಮದ ಬಹುಪಾಲು ಇಂತಹ ಅವಲಂಬನೆಗಳನ್ನು ದಾಖಲಿಸುವುದಕ್ಕೆ ಹೋಗಲಿ.

ಎರಡನೆಯ ಮಾತು, ಸಂಖ್ಯೆಗಳಿಗೆ ಸಂಬಂಧಿಸಿದ್ದು. ಸ್ಕಸಿ ಸಾಧನಗಳನ್ನು (ಸ್ಕಸಿ ಎಂಬ ಸಂಪರ್ಕದ ಮೂಲಕ ಜೋಡಿಸಿದ ಡಿಸ್ಕ್ ಮುಂತಾದವುಗಳನ್ನು) ಹುಡುಕುವ ಮುನ್ನ ಕರ್ನಲ್ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನಿರ್ಧರಿಸುವ ಆಯ್ಕೆಯೊಂದಿದೆ. ಫ್ರೀಬಿಎಸ್‌ಡಿಯ 2.2ನೆಯ ಆವೃತ್ತಿಯಲ್ಲಿ ಅದರ ಮೌಲ್ಯ 15 ಎಂದಿತ್ತು, 3ನೆಯ ಸರಣಿಗೆ ಬರುವಾಗ 15000 ಆಯಿತು. ಕಾಯುವ ಅವಧಿ ಹೆಚ್ಚಲಿಲ್ಲ, ಅಳತೆ ಸೆಕೆಂಡಿನಿಂದ ಮಿಲಿಸೆಕೆಂಡಿಗೆ ಬದಲಾಯಿತು. ಆದರೆ ಎರಡೂ ಕಡೆ ಪಕ್ಕದಲ್ಲಿದ್ದ ಟಿಪ್ಪಣಿ ಒಂದೇ: ಯಾವನೋ ಒಬ್ಬನ ಸ್ಕಸಿ ಸಾಧನದ ಮೇಲೆ ಹೆಚ್ಚು ಭರವಸೆ ಇಡಬೇಡಿ ಎಂಬರ್ಥದ ಒಂದು ಚಟಾಕಿ. ಬರೆದವರು ರಸಿಕರಿರಬಹುದು, ಅಳತೆ ಯಾವುದೆಂಬುದು ಮಾತ್ರ ಆ ನಗೆಯಲ್ಲಿ ಮುಚ್ಚಿಹೋಯಿತು. ಮುಂದೆ ಅದನ್ನು ತಿದ್ದಿ, ಸ್ಕಸಿ ಶೋಧನೆಗೆ ಮುನ್ನ ಕಾಯುವ ಅವಧಿ, ಮಿಲಿಸೆಕೆಂಡುಗಳಲ್ಲಿ ಎಂದು ಬರೆಯಲಾಯಿತು. ಮೌಲ್ಯವೂ ಈಗ 5000ಕ್ಕೆ ಇಳಿದಿದೆ. ಇದನ್ನು ಇನ್ನೂ ಒಂದು ಹೆಜ್ಜೆ ಸುಧಾರಿಸಬಹುದು. ಎಲ್ಲ ಆಯ್ಕೆಗಳನ್ನು ವಿವರವಾಗಿ ವಿವರಿಸುವ ‘ನೋಟ್ಸ್’ ಎಂಬ ಕಡತದಲ್ಲಿ, ಈ ಅವಧಿಯನ್ನು ಬೂಟ್ ಆಗುವಾಗಲೂ ಯಂತ್ರ ಓಡುತ್ತಿರುವಾಗಲೂ ಬದಲಾಯಿಸಬಹುದು ಎಂಬ ಮಾತಿದೆ. ಕರ್ನಲನ್ನೇ ಮತ್ತೆ ಕಂಪೈಲ್ ಮಾಡಲು ಕುಳಿತವರಿಗೆ ಆ ಕೆಲಸವೇ ಬೇಡ ಎಂದು ಹೇಳುವುದಕ್ಕಿಂತ ದೊಡ್ಡ ಉಪಕಾರವನ್ನು ಟಿಪ್ಪಣಿ ಮಾಡಲಾರದು. ಆದ್ದರಿಂದ ಮೌಲ್ಯವಿರುವ ಪ್ರತಿಯೊಂದು ಸಾಲಿನಲ್ಲಿಯೂ ಅಳತೆಯನ್ನು ಬರೆಯಿರಿ, ಮತ್ತು ಸಿಸ್ಕಂಟ್ರೋಲ್ (ಓಡುತ್ತಿರುವ ಕರ್ನಲಿನ ಮೌಲ್ಯಗಳನ್ನು ಬದಲಾಯಿಸುವ ಆದೇಶ) ಮೂಲಕ ಬದಲಾಯಿಸಲು ಸಾಧ್ಯವಿದ್ದರೆ ಅದನ್ನೂ ಹೇಳಿ.

ಮೂರನೆಯದು, ಕಾರಣ ಹೇಳದ ಎಚ್ಚರಿಕೆ. ಫ್ರೀಬಿಎಸ್‌ಡಿ 4ರ ಕಾಲದಲ್ಲಿ, ಅದರ ಪೂರ್ವಜವಾದ ಬಿಎಸ್‌ಡಿ 4.3ರೊಂದಿಗೆ ಹೊಂದಾಣಿಕೆ ಕಲ್ಪಿಸುವ ಆಯ್ಕೆಯ ಮುಂದೆ ‘ಇದನ್ನು ಉಳಿಸಿಕೊಳ್ಳಿ’ ಎಂದು ದೊಡ್ಡಕ್ಷರಗಳಲ್ಲಿ ಗದರಿಸಲಾಗಿತ್ತು. ಏಕೆ ಉಳಿಸಿಕೊಳ್ಳಬೇಕು, ಎಲ್ಲಿಯವರೆಗೆ ಉಳಿಸಿಕೊಳ್ಳಬೇಕು ಎಂಬುದು ಇರಲಿಲ್ಲ. ಇಂದಿನ ಜೆನೆರಿಕ್ ಕಡತದಲ್ಲಿ ಆ ಸಾಲೇ ಇಲ್ಲ, ಆದರೆ ಹಳೆಯ ಕಡತವನ್ನು ನಕಲು ಮಾಡುತ್ತ ಬಂದವರು ಅದನ್ನು ತೆಗೆಯುವ ಧೈರ್ಯ ಎಲ್ಲಿಂದ ತರಬೇಕು? ಬಿಪಿಎಫ್ ಟಿಪ್ಪಣಿಯಲ್ಲಿರುವ ‘ಆಡಳಿತಾತ್ಮಕ ಪರಿಣಾಮ’ ಎಂಬುದೂ ಇದೇ ಜಾತಿಯ ಮಾತು. ನಾನಾದರೆ ಅದನ್ನು ಹೀಗೆ ಬರೆಯುತ್ತೇನೆ: “ಡಿಎಚ್‌ಸಿಪಿ ಕ್ಲೈಂಟಿಗೆ ಮತ್ತು ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್‌ಗೆ ಅಗತ್ಯ, ತೆಗೆದರೆ ಐಪಿ ವಿಳಾಸ ಸಿಗುವುದಿಲ್ಲ. ಈ ಸಾಧನವನ್ನು ತೆರೆಯುವ ಅನುಮತಿ ಇರುವವರು ಜಾಲದಲ್ಲಿ ಈ ಯಂತ್ರಕ್ಕೆ ಕಾಣುವ ಎಲ್ಲ ಪ್ಯಾಕೆಟ್‌ಗಳನ್ನೂ ಓದಬಲ್ಲರು.” ಇಷ್ಟನ್ನೂ ಸಾಲಿಗೆ ಅಂಟಿಕೊಂಡಂತೆಯೇ ಇಡಬೇಕು, ನಡುವೆ ಖಾಲಿ ಸಾಲು ಬಿಟ್ಟರೆ, ಮುಂದೆ ಚೊಕ್ಕಟ ಮಾಡಲು ಬರುವವರಿಗೆ ಅದು ಅನಾಥವಾಗಿ ಕಾಣುತ್ತದೆ.

ಇನ್ನು, ಇಡೀ ಕಡತದ ಟಿಪ್ಪಣಿಗಳನ್ನು ನೀವೇ ಬರೆಯುತ್ತೇನೆ ಎಂದಿದ್ದೀರಿ. ಅದು ಬೇಡವೆಂದೇ ನನ್ನ ಸಲಹೆ. ಜೆನೆರಿಕ್ ಕಡತವನ್ನು ನಕಲು ಮಾಡುವ ಬದಲು ನಾಲ್ಕಾರು ಸಾಲಿನ ಹೊಸ ಕಡತ ಮಾಡಿಕೊಳ್ಳಿ. ಮೊದಲ ಸಾಲಿನಲ್ಲಿ ‘ಇನ್‌ಕ್ಲೂಡ್ ಜೆನೆರಿಕ್’ ಎಂದು ಬರೆದು, ‘ಐಡೆಂಟ್’ ಸಾಲಿನಲ್ಲಿ ನಿಮ್ಮ ಕರ್ನಲಿಗೊಂದು ಹೆಸರು ಕೊಟ್ಟು, ಬೇಡದ್ದನ್ನು ‘ನೋಆಪ್ಷನ್ಸ್’ ಮತ್ತು ‘ನೋಡಿವೈಸ್’ ಎಂಬ ಪದಗಳಿಂದ ಕೈಬಿಡಬಹುದು. ಮೂಲದ ಟಿಪ್ಪಣಿಗಳು ಮೂಲದಲ್ಲಿಯೇ ಉಳಿದು, ಅಲ್ಲಿ ತಿದ್ದುಪಡಿಯಾದಂತೆಲ್ಲ ನಿಮಗೂ ದೊರೆಯುತ್ತವೆ. ನೀವು ಬರೆಯಬೇಕಾದದ್ದು ನಿಮ್ಮ ಪ್ರಯೋಗಾಲಯದ ಕಾರಣಗಳನ್ನು ಮಾತ್ರ, ಅಂದರೆ ಯಾವ ಯಂತ್ರದಲ್ಲಿ ಯಾವ ಕಾರ್ಡ್ ಇಲ್ಲವೆಂದು ಈ ಸಾಲನ್ನು ಕೈಬಿಟ್ಟಿರಿ ಎಂಬುದನ್ನು. ಅದನ್ನು ಬೇರೆ ಯಾರೂ ಬರೆದುಕೊಡಲಾರರು.

ಕಡತವೇ ಕಳೆದುಹೋದರೆ ಎಂಬ ಭಯಕ್ಕೂ ಪರಿಹಾರವಿದೆ. ಜೆನೆರಿಕ್‌ನಲ್ಲಿರುವ ಒಂದು ಆಯ್ಕೆ ಕಾನ್ಫಿಗರೇಷನ್ನನ್ನು ಕರ್ನಲಿನ ಒಳಗೇ ಸೇರಿಸುತ್ತದೆ, ಬೇಕೆಂದಾಗ ಅದನ್ನು ಹೊರತೆಗೆಯಬಹುದು. ಆದರೆ ಸಾಮಾನ್ಯವಾಗಿ ಹಾಗೆ ಸೇರುವಾಗ ಟಿಪ್ಪಣಿಗಳು ಉದುರಿಹೋಗುತ್ತವೆ. ‘ಕಾನ್ಫಿಗ್’ ಆದೇಶಕ್ಕೆ ದೊಡ್ಡಕ್ಷರದ ‘ಸಿ’ ಆಯ್ಕೆಯನ್ನು ಕೊಟ್ಟರೆ ಮಾತ್ರ ಕಡತ ಟಿಪ್ಪಣಿಗಳ ಸಮೇತ ಉಳಿಯುತ್ತದೆ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಲಿನಕ್ಸ್ ಕರ್ನಲಿನ ‘ಡಾಟ್ ಕಾನ್ಫಿಗ್’ ಕಡತದಲ್ಲಿ ನಾನು ಬರೆದಿಟ್ಟ ಟಿಪ್ಪಣಿಗಳೆಲ್ಲ ಆಯ್ಕೆಗಳ ಮೆನು ತೋರಿಸುವ ‘ಮೆನುಕಾನ್ಫಿಗ್’ ನಡೆಸಿದ ಮೇಲೆ ಮಾಯವಾದವು. ಏಕೆ?

ಉತ್ತರ: ಆ ಕಡತದ ತಲೆಬರಹವನ್ನು ಓದಿ. ಇದು ತಾನಾಗಿ ಸೃಷ್ಟಿಯಾದ ಕಡತ, ಇದನ್ನು ತಿದ್ದಬೇಡಿ ಎಂದು ಅಲ್ಲಿಯೇ ಇದೆ. ನೀವು ಮೆನು ತೆರೆದು ಉಳಿಸಿದಾಗಲೆಲ್ಲ ಲಿನಕ್ಸ್ ಕರ್ನಲಿನ ಆಯ್ಕೆಗಳನ್ನು ನಿರ್ವಹಿಸುವ ಕೆಕಾನ್ಫಿಗ್ ವ್ಯವಸ್ಥೆ ಇಡೀ ಕಡತವನ್ನು ಹೊಸದಾಗಿ ಬರೆಯುತ್ತದೆ, ಕೈಯಿಂದ ಸೇರಿಸಿದ ಟಿಪ್ಪಣಿಗೆ ಅದರಲ್ಲಿ ಜಾಗವಿಲ್ಲ.

ಇಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ಆಯ್ಕೆ ಮಾಡದ ಅಂಶಗಳನ್ನು ಆ ಕಡತ ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲಿನಲ್ಲಿ, ‘ಇದನ್ನು ಆಯ್ದಿಲ್ಲ’ ಎಂಬ ಅರ್ಥದಲ್ಲಿ ದಾಖಲಿಸುತ್ತದೆ. ನೋಡಲು ಅದು ಟಿಪ್ಪಣಿಯಂತಿದ್ದರೂ ಟಿಪ್ಪಣಿಯಲ್ಲ. ಕೆಕಾನ್ಫಿಗ್ ಅದನ್ನು ಓದಿ ‘ಬೇಡ’ ಎಂದೇ ಅರ್ಥ ಮಾಡಿಕೊಳ್ಳುತ್ತದೆ. ಕಸವೆಂದು ಆ ಸಾಲುಗಳನ್ನು ಗುಡಿಸಿಹಾಕಿದರೆ ಹಳೆಯ ಕಡತವನ್ನು ಹೊಸ ಕರ್ನಲಿಗೆ ಹೊಂದಿಸುವ ‘ಓಲ್ಡ್‌ಕಾನ್ಫಿಗ್’ ಆದೇಶ ಅವೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತದೆ. ‘ಓಲ್ಡ್‌ಡೆಫ್‌ಕಾನ್ಫಿಗ್’ ಕೇಳುವುದೂ ಇಲ್ಲ, ಪೂರ್ವನಿಗದಿತ ಉತ್ತರವನ್ನು ತುಂಬಿಬಿಡುತ್ತದೆ. ಆ ಉತ್ತರ ‘ಹೌದು’ ಎಂದಿದ್ದರೆ ನೀವು ಕೈಬಿಟ್ಟದ್ದು ಮತ್ತೆ ಒಳಗೆ ಬರುತ್ತದೆ.

ನಿಮ್ಮ ಆಯ್ಕೆಗಳನ್ನು ಮಾತ್ರ ಒಂದು ಪ್ರತ್ಯೇಕ ತುಣುಕು ಕಡತದಲ್ಲಿ ಟಿಪ್ಪಣಿಗಳ ಸಮೇತ ಇಟ್ಟುಕೊಂಡು, ಕರ್ನಲಿನ ಜೊತೆಗೇ ಬರುವ ‘ಮರ್ಜ್ ಕಾನ್ಫಿಗ್’ ಎಂಬ ಸ್ಕ್ರಿಪ್ಟಿನಿಂದ ಅದನ್ನು ಮೂಲ ಕಾನ್ಫಿಗರೇಷನ್ನಿಗೆ ಸೇರಿಸಿ. ತುಣುಕನ್ನು ಯಾವ ಮೆನುವೂ ಮರಳಿ ಬರೆಯುವುದಿಲ್ಲ. ಆಯ್ಕೆಗಳ ಸಾಮಾನ್ಯ ವಿವರಣೆಯನ್ನು ನೀವು ನಕಲು ಮಾಡಿಕೊಳ್ಳುವ ಅಗತ್ಯವೂ ಇಲ್ಲ. 2.4ರ ಸರಣಿಯವರೆಗೆ ಎಲ್ಲ ಆಯ್ಕೆಗಳ ಸಹಾಯ ಪಠ್ಯವೂ ‘ಕಾನ್ಫಿಗರ್ ಡಾಟ್ ಹೆಲ್ಪ್’ ಎಂಬ ಒಂದೇ ದೈತ್ಯ ಕಡತದಲ್ಲಿತ್ತು. 2002ರಲ್ಲಿ 2.5.45ನೆಯ ಆವೃತ್ತಿಯೊಂದಿಗೆ ಬಂದ ಕೆಕಾನ್ಫಿಗ್ ಪ್ರತಿಯೊಂದು ವಿವರಣೆಯನ್ನೂ ಅದರ ಆಯ್ಕೆಯ ಪಕ್ಕಕ್ಕೇ ತಂದು ಕೂರಿಸಿತು. ಮೆನುವಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ ಕಾಣುವುದು ಅದೇ.

ಪ್ರಶ್ನೆ: ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯಬಹುದೇ? ನಮ್ಮ ಹುಡುಗರಿಗೆ ಇಂಗ್ಲಿಷ್ ಕಷ್ಟ. (ಹಿರಿಯೂರಿನ ಓದುಗರು)

ಉತ್ತರ: ಕರ್ನಲ್ ಕೈಕೊಟ್ಟು ಯಂತ್ರ ಬರಿಯ ಅಕ್ಷರಗಳ ಕನ್ಸೋಲಿನಲ್ಲಿ ನಿಂತ ಹೊತ್ತಿನಲ್ಲಿಯೇ ಈ ಟಿಪ್ಪಣಿಗಳು ಹೆಚ್ಚು ಬೇಕಾಗುತ್ತವೆ. ಲಿನಕ್ಸಿನ ಆ ಕನ್ಸೋಲಿಗೆ ಹೆಚ್ಚೆಂದರೆ 512 ಅಕ್ಷರರೂಪಗಳಿರುವ ಒಂದು ಫಾಂಟನ್ನು ತುಂಬಬಹುದು. ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸಿ ತೋರಿಸುವ ವ್ಯವಸ್ಥೆಯೂ ಅದರಲ್ಲಿಲ್ಲ. ಕನ್ನಡದ ಟಿಪ್ಪಣಿ ಅಲ್ಲಿ ಅರ್ಥವಾಗದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಹಾಗಾಗಿ ಕಡತದೊಳಗೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಿರಲಿ. ಕನ್ನಡದ ವಿವರಣೆಯನ್ನು, ಕಡತದಲ್ಲಿರುವ ಆಯ್ಕೆಗಳ ಅನುಕ್ರಮದಲ್ಲಿಯೇ, ಪ್ರಯೋಗಾಲಯದ ನೋಂದಣಿ ಪುಸ್ತಕದಲ್ಲಿ ಬರೆದು ಯಂತ್ರಗಳ ಪಕ್ಕದಲ್ಲಿಡಿ. ಆ ಪುಸ್ತಕದಲ್ಲಿ ಎಷ್ಟು ಬೇಕಾದರೂ ವಿಸ್ತರಿಸಬಹುದು. ಹುಡುಗರಿಗೆ ನಿಜವಾಗಿ ಕಲಿಸುವುದು ಅದೇ.

ಪ್ರಶ್ನೆ: ನಾವು ಸುಧಾರಿಸಿದ ಟಿಪ್ಪಣಿಯನ್ನು ಮೂಲ ಯೋಜನೆಗಳು ಸ್ವೀಕರಿಸುತ್ತವೆಯೇ? (ಹರಿಹರದ ಓದುಗರು)

ಉತ್ತರ: ಸ್ವೀಕರಿಸುತ್ತವೆ. ಫ್ರೀಬಿಎಸ್‌ಡಿಗೆ, ದೋಷಗಳನ್ನು ದಾಖಲಿಸುವ ಅದರ ಬಗ್‌ಜಿಲ್ಲಾ ತಾಣದ ಮೂಲಕ ತಿದ್ದುಪಡಿ ಸಲ್ಲಿಸಬಹುದು. ಲಿನಕ್ಸಿಗೆ ಮಿಂಚಂಚೆಯಲ್ಲಿ ಪ್ಯಾಚ್ (ಬದಲಾವಣೆಯನ್ನು ತೋರಿಸುವ ಕಡತ) ಕಳುಹಿಸಬೇಕು, ಯಾರಿಗೆ ಕಳುಹಿಸಬೇಕೆಂಬುದನ್ನು ಕರ್ನಲಿನಲ್ಲಿರುವ ‘ಗೆಟ್ ಮೇಂಟೇನರ್’ ಸ್ಕ್ರಿಪ್ಟ್ ತಿಳಿಸುತ್ತದೆ. ಲಿನಕ್ಸಿನ ‘ಚೆಕ್‌ಪ್ಯಾಚ್’ ಎಂಬ ಪರಿಶೀಲಕ ಸಾಧನ, ಹೊಸ ಆಯ್ಕೆಯ ಸಹಾಯ ಪಠ್ಯ ನಾಲ್ಕು ಸಾಲಿಗಿಂತ ಕಡಿಮೆಯಿದ್ದರೆ ಆಕ್ಷೇಪಿಸುತ್ತದೆ. ಸಾಲು ಎಣಿಸುವುದರಿಂದ ಗುಣಮಟ್ಟ ಬಾರದು ಎಂಬುದು ನಿಜ, ಆದರೂ ಏನೂ ಬರೆಯದೆ ನುಣುಚಿಕೊಳ್ಳುವವರಿಗೆ ಅಷ್ಟಾದರೂ ತಡೆ ಇರಲಿ. ‘ಖಚಿತವಿಲ್ಲದಿದ್ದರೆ ಬೇಡ ಎನ್ನಿ’ ಎಂಬ ವಾಕ್ಯ ಅಲ್ಲಿ ಎಲ್ಲೆಡೆ ಕಾಣುತ್ತದೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಮೊದಲು ಹೇಳಿದ್ದರೆ ಮಾತ್ರ ಅದಕ್ಕೆ ಬೆಲೆ. ಇಂಟೆಲ್‌ನ ‘ಇ1000ಇ’ ಡ್ರೈವರಿನ ಪಠ್ಯವನ್ನು ನೋಡಿ: ಅದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳಿಗೆ ಎಂದು ಹೇಳಿ, ಹಳೆಯ ಪಿಸಿಐ ಕಾರ್ಡುಗಳಿದ್ದವರು ‘ಇ1000’ ಡ್ರೈವರನ್ನು ಬಳಸಬೇಕೆಂದು ಬೇರೆ ದಾರಿಯನ್ನೂ ತೋರಿಸುತ್ತದೆ.

ಕಳುಹಿಸುವಾಗ ಒಂದು ಪ್ಯಾಚಿನಲ್ಲಿ ಒಂದೇ ವಿಷಯವಿರಲಿ. ಟಿಪ್ಪಣಿಯ ತಿದ್ದುಪಡಿಯ ಜೊತೆಗೆ ಆಯ್ಕೆಯ ಮೌಲ್ಯವನ್ನೂ ಬದಲಾಯಿಸಿ ಒಟ್ಟಿಗೆ ಕಳುಹಿಸಿದರೆ ಎರಡೂ ನಿಂತುಹೋಗುವ ಸಂಭವವೇ ಹೆಚ್ಚು. ಹಳೆಯ ಟಿಪ್ಪಣಿಯನ್ನು ನಂಬಿ ನಡೆದಾಗ ಯಂತ್ರದಲ್ಲಿ ಏನು ಕೆಟ್ಟಿತು ಎಂಬುದನ್ನು ಪ್ಯಾಚಿನ ವಿವರಣೆಯಲ್ಲಿ ಎರಡು ಸಾಲಿನಲ್ಲಿ ಬರೆಯಿರಿ. ಪರಿಶೀಲಿಸುವವರು ಮೊದಲು ನೋಡುವುದು ಅದನ್ನೇ.