ಓದುಗರ ಪ್ರಶ್ನೆ, ತಜ್ಞರ ಉತ್ತರ: ಬ್ರೆಡ್ ಹಿಟ್ಟು ನಾದಲು ಎಷ್ಟು ವಾಟ್ ಬೇಕು?

ಕಳೆದ ಕೆಲವು ತಿಂಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿವೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸಿ ನನಗೆ ಸಾಕಾಗಿದೆ. ಆದ್ದರಿಂದ ಈ ಬಾರಿ ಆ ಒಂದು ಪ್ರಶ್ನೆಗೇ ಹೆಚ್ಚಿನ ಜಾಗ ಕೊಟ್ಟು, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ. ಯೀಸ್ಟನ್ನು ನೆನೆಸುವುದು ಹೇಗೆ, ಹಿಟ್ಟು ಉಬ್ಬಿದ್ದು ತಿಳಿಯುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದು ತಿಳಿಯದವರು ಯಂತ್ರದ ಯೋಚನೆಯನ್ನು ಆರು ತಿಂಗಳು ಮುಂದೂಡಿ ಕೈಯಲ್ಲೇ ನಾದುವುದು ಒಳ್ಳೆಯದು.

ಪ್ರಶ್ನೆ: ವಾರಕ್ಕೆರಡು ಬಾರಿ ಮನೆಯಲ್ಲೇ ಬ್ರೆಡ್ ಮಾಡುತ್ತೇನೆ. ನಾದಿ ನಾದಿ ಮಣಿಕಟ್ಟು ನೋಯುತ್ತಿದೆ. ಒಂದು ಕಂಪನಿಯ 1,500 ವಾಟ್‌ನ ಸ್ಟ್ಯಾಂಡ್ ಮಿಕ್ಸರ್ (ಪಾತ್ರೆಯಲ್ಲಿ ಕೊಕ್ಕೆ ತಿರುಗಿಸಿ ಹಿಟ್ಟು ನಾದುವ ಯಂತ್ರ) ಹತ್ತು ಸಾವಿರ ರೂಪಾಯಿಗೆ ಸಿಗುತ್ತಿದೆ. ಇನ್ನೊಂದು ಹೆಸರಾಂತ ಕಂಪನಿಯದು ಬರೀ 300 ವಾಟ್, ಬೆಲೆ ಮಾತ್ರ ನಾಲ್ಕು ಪಟ್ಟು. ಹೆಚ್ಚು ಶಕ್ತಿಯದನ್ನು ಕಡಿಮೆ ಬೆಲೆಗೆ ಕೊಳ್ಳುವುದೇ ಜಾಣತನವಲ್ಲವೇ ಮೇಡಂ? — ಶಿವಮೊಗ್ಗದ ಓದುಗರೊಬ್ಬರು

ನಿಮ್ಮ ಅಡುಗೆಮನೆಯಲ್ಲೇ ಇದಕ್ಕೆ ಉತ್ತರವಿದೆ. ಮಿಕ್ಸಿಯ ಅಡಿಯಲ್ಲಿರುವ ಫಲಕವನ್ನು ನೋಡಿ, 500 ಅಥವಾ 750 ವಾಟ್ ಎಂದಿರುತ್ತದೆ. ಟೇಬಲ್ ಮೇಲಿನ ಎರಡು ಲೀಟರಿನ ಗ್ರೈಂಡರಿನದನ್ನು ನೋಡಿ, ಸಾಮಾನ್ಯವಾಗಿ 150 ವಾಟ್ ಆಸುಪಾಸಿನಲ್ಲಿರುತ್ತದೆ. ಆದರೂ ಉದ್ದಿನಬೇಳೆಯನ್ನು ಅರ್ಧ ಗಂಟೆ ಬಿಡದೆ ರುಬ್ಬುವುದು ಗ್ರೈಂಡರೇ. ಮಿಕ್ಸಿಗೆ ಅದೇ ಕೆಲಸ ಕೊಟ್ಟರೆ ಹತ್ತು ನಿಮಿಷದೊಳಗೆ ಜಾರು ಬಿಸಿಯಾಗಿ, ಮೋಟಾರಿನಿಂದ ಸುಟ್ಟ ವಾಸನೆ ಬರುತ್ತದೆ. ಇದನ್ನು ದಿನಾ ಕಣ್ಣಾರೆ ಕಾಣುವ ನಾವೇ ಸ್ಟ್ಯಾಂಡ್ ಮಿಕ್ಸರ್ ಕೊಳ್ಳುವ ಹೊತ್ತಿಗೆ ವಾಟ್ ಎಣಿಸಲು ಕೂರುತ್ತೇವಲ್ಲ, ಅದು ನನಗೆ ಅರ್ಥವಾಗದ ಸಂಗತಿ.

ಯಂತ್ರವು ಗೋಡೆಯಿಂದ ಎಷ್ಟು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ ಎಂಬುದನ್ನಷ್ಟೇ ವಾಟ್ ಹೇಳುತ್ತದೆ. ಅದರಲ್ಲಿ ಎಷ್ಟು ಪಾಲು ಹಿಟ್ಟಿಗೆ ತಲುಪಿತು, ಎಷ್ಟು ಶಾಖವಾಗಿ, ಸದ್ದಾಗಿ ಹೋಯಿತು ಎಂಬುದನ್ನು ಹೇಳುವುದಿಲ್ಲ. ಬ್ರೆಡ್ಡಿನ ಹಿಟ್ಟಿಗೆ ಬೇಕಾದದ್ದು ವೇಗವಲ್ಲ, ನಿಧಾನವಾಗಿ ತಿರುಗುವಾಗಲೂ ಸಡಿಲಗೊಳ್ಳದ ಹಿಡಿತ, ಅಂದರೆ ತಿರುಚುವ ಬಲ. ಈ ಯಂತ್ರಗಳ ಒಳಗಿನ ಮೋಟಾರ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತಬಲ್ಲದು. ನಾದುವ ಕೊಕ್ಕೆ ಸುತ್ತಬೇಕಾದದ್ದು ನೂರರ ಆಸುಪಾಸಿನಲ್ಲಿ. ಆ ವೇಗವನ್ನು ಇಳಿಸಿ ಬಲವನ್ನಾಗಿ ಮಾರ್ಪಡಿಸುವ ಕೆಲಸ ಗೇರುಗಳದು, ಮತ್ತು ನೀವು ಹೆಚ್ಚು ದುಡ್ಡು ಕೊಡುವುದು ಆ ಗೇರುಗಳಿಗೆ, ಅವನ್ನು ಹಿಡಿದಿಡುವ ಲೋಹದ ತಲೆಗೆ, ಇಡೀ ಯಂತ್ರದ ತೂಕಕ್ಕೆ. ಅಗ್ಗದ ಯಂತ್ರದಲ್ಲಿ ವೇಗ ಇಳಿಸಲು ಮೋಟಾರಿಗೆ ಹೋಗುವ ವಿದ್ಯುತ್ತನ್ನೇ ಕತ್ತರಿಸುತ್ತಾರೆ. ಹಾಗಾಗಿ ನೀವು ಒಂದನೆಯ ಅಥವಾ ಎರಡನೆಯ ವೇಗಕ್ಕೆ ಇಟ್ಟ ಕೂಡಲೇ ಆ 1,500 ವಾಟ್ ಎಲ್ಲಿಗೋ ಮಾಯವಾಗಿರುತ್ತದೆ. ಮೋಟಾರನ್ನು ತಣಿಸುವ ಫ್ಯಾನು ಕೂಡ ಅದೇ ದಂಡಕ್ಕೆ ಸಿಕ್ಕಿಸಿದ್ದಾದ್ದರಿಂದ, ಹೊರೆ ಅತಿ ಹೆಚ್ಚಾಗಿರುವ ಹೊತ್ತಿನಲ್ಲೇ ಗಾಳಿ ಅತಿ ಕಡಿಮೆಯಾಗಿರುತ್ತದೆ.

ಇದನ್ನು ನಾನು ಓದಿ ಕಲಿತವಳಲ್ಲ. ಹತ್ತು ವರ್ಷದ ಹಿಂದೆ ನಾನೂ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಸಾವಿರ ವಾಟ್‌ನ ಯಂತ್ರವೊಂದನ್ನು ತಂದಿದ್ದೆ. ಕೇಕಿಗೆ, ಕ್ರೀಮಿಗೆ ಚೆನ್ನಾಗಿಯೇ ಇತ್ತು. ಮೂರನೆಯ ವಾರ 700 ಗ್ರಾಂ ಗೋಧಿ ಹಿಟ್ಟು ಹಾಕಿ ನಾದಲು ಬಿಟ್ಟೆ. ಐದಾರು ನಿಮಿಷಕ್ಕೆ ತಲೆ ಮೇಲೆ ಕೆಳಗೆ ಕುಣಿಯತೊಡಗಿತು, ಕಟಕಟ ಎಂದಿತು, ಆಮೇಲೆ ಕೊಕ್ಕೆ ಹಿಟ್ಟಿನಲ್ಲಿ ಹೂತುಕೊಂಡು ನಿಂತೇಬಿಟ್ಟಿತು. ಮೋಟಾರ್ ಮಾತ್ರ ಹಗುರವಾಗಿ ಗುನುಗುತ್ತಾ ಓಡುತ್ತಲೇ ಇತ್ತು. ರಿಪೇರಿ ಅಂಗಡಿಯಲ್ಲಿ ಮುಚ್ಚಳ ಬಿಚ್ಚಿದಾಗ ಪ್ಲಾಸ್ಟಿಕ್ ಗೇರಿನ ಹಲ್ಲುಗಳೆಲ್ಲ ಕೊಬ್ಬರಿ ತುರಿಯ ಹಾಗೆ ಗ್ರೀಸಿನಲ್ಲಿ ಬಿದ್ದಿದ್ದವು. "ಮೋಟಾರು ಚಿನ್ನದ ಹಾಗಿದೆ ಮೇಡಂ, ಗೇರು ಮಾತ್ರ ಎಲ್ಲೂ ಸಿಗಲ್ಲ" ಎಂದರು ರಿಪೇರಿಯವರು. ಆ ಚಿನ್ನದಂಥ ಮೋಟಾರನ್ನು ಕೊನೆಗೆ ಗುಜರಿಗೆ ಹಾಕಿದೆ.

ಹಾಗೆಂದು ಒಳಗೆ ಮೆತ್ತನೆಯ ಗೇರು ಇದ್ದರೆ ಯಂತ್ರವೇ ಕಳಪೆ ಎಂದು ಹೇಳುವ ಇನ್ನೊಂದು ಗುಂಪಿದೆ. ಅವರ ಮಾತನ್ನೂ ನಂಬಬೇಡಿ. ಕಿಚನ್‌ಏಡ್‌ನಂಥ ಯಂತ್ರಗಳಲ್ಲಿಯೂ ಒಂದು ಗೇರು ಉಳಿದವಕ್ಕಿಂತ ಮೃದುವಾಗಿರುತ್ತದೆ. ಹೊರೆ ಮಿತಿ ಮೀರಿದಾಗ ಮೋಟಾರು ಸುಡುವ ಮೊದಲು ಅದು ಸವೆದು ಮುರಿಯಬೇಕು, ಮನೆಯ ಫ್ಯೂಸ್ ಹೋಗುವ ಹಾಗೆ. ಕೇಳಬೇಕಾದ ಪ್ರಶ್ನೆ ಗೇರು ಮುರಿಯುತ್ತದೆಯೇ ಎಂಬುದಲ್ಲ, ಮುರಿದ ಗೇರು ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂಬುದು. ಶಿವಮೊಗ್ಗದಲ್ಲಿ ಸರ್ವಿಸ್ ಇಲ್ಲದ ಕಂಪನಿಯ ಯಂತ್ರವನ್ನು, ಅದು ಎಷ್ಟೇ ಒಳ್ಳೆಯದಿರಲಿ, ನಾನಾದರೆ ಕೊಳ್ಳುವುದಿಲ್ಲ.

ಹಾಗಾದರೆ ನೋಡಬೇಕಾದದ್ದೇನು? ಕೊಳ್ಳುವ ಮೊದಲು ಕೈಪಿಡಿಯನ್ನು ತರಿಸಿಕೊಂಡು ಅದರಲ್ಲಿ ಎರಡು ಅಂಕಿಗಳನ್ನು ಹುಡುಕಿ: ಬ್ರೆಡ್ ಹಿಟ್ಟಿಗೆ ಒಂದು ಸಲಕ್ಕೆ ಗರಿಷ್ಠ ಎಷ್ಟು ಗ್ರಾಂ ಮೈದಾ ಹಾಕಬಹುದು, ಮತ್ತು ನಿಲ್ಲಿಸದೆ ಎಷ್ಟು ನಿಮಿಷ ಓಡಿಸಬಹುದು. ಎರಡನೆಯ ಅಂಕಿ ಕೆಲವೊಮ್ಮೆ ಯಂತ್ರದ ಅಡಿಯ ಫಲಕದಲ್ಲೂ ಇರುತ್ತದೆ. "ಐದು ನಿಮಿಷ" ಎಂದು ಬರೆದಿರುವ ಯಂತ್ರ ಬ್ರೆಡ್ಡಿನದಲ್ಲ, ಕೇಕಿನದು. ಬ್ರೆಡ್ಡಿಗೆ ಕಡಿಮೆ ವೇಗದಲ್ಲಿ ಎಂಟರಿಂದ ಹತ್ತು ನಿಮಿಷವಾದರೂ ಬೇಕು. ಕಂಪನಿ ಹೇಳಿದ ಹಿಟ್ಟಿನ ತೂಕದಲ್ಲಿ ಮೂರನೆಯ ಒಂದು ಭಾಗವನ್ನು ನಾನು ಯಾವಾಗಲೂ ಕಳೆದೇ ಲೆಕ್ಕ ಹಾಕುತ್ತೇನೆ. ಇದು ನನ್ನ ಅಂಜಿಕೆ ಎಂದುಕೊಳ್ಳಿ, ಆದರೆ ಆ ಅಂಜಿಕೆಯಿಂದಲೇ ನನ್ನ ಈಗಿನ ಯಂತ್ರ ಇನ್ನೂ ಓಡುತ್ತಿದೆ.

ಪಾತ್ರೆಯ ಲೀಟರ್ ಲೆಕ್ಕವೂ ವಾಟಿನಷ್ಟೇ ಮೋಸದ್ದು. ಐದು ಲೀಟರಿನ ಪಾತ್ರೆ ಎಂದರೆ ಐದು ಲೀಟರ್ ಹಿಟ್ಟಲ್ಲ. ನಿಮ್ಮ ಮನೆಯ ಒಂದು ದೊಡ್ಡ ಬ್ರೆಡ್ಡಿಗೆ 500 ಗ್ರಾಂ ಮೈದಾ, 325 ಗ್ರಾಂ ನೀರು, ಉಪ್ಪು, ಯೀಸ್ಟ್ ಸೇರಿ ಸುಮಾರು 840 ಗ್ರಾಂ ಆಗುತ್ತದೆ. ಅದಕ್ಕೆ ನಾಲ್ಕೂವರೆ ಲೀಟರಿನ ಪಾತ್ರೆ ಧಾರಾಳವಾಯಿತು. ಮುಂದೆ ಬೇಕಾದೀತೆಂದು ಏಳು ಲೀಟರಿನದನ್ನು ತಂದವರ ಗೋಳು ಬೇರೆ: 300 ಗ್ರಾಂ ಮೈದಾ ಹಾಕಿದರೆ ಹಿಟ್ಟು ಕೊಕ್ಕೆಗೆ ಅಂಟಿಕೊಂಡು ಅದರ ಜೊತೆಗೇ ಜಾತ್ರೆಯ ತೊಟ್ಟಿಲಿನಂತೆ ಸುತ್ತುತ್ತದೆಯೇ ಹೊರತು ನಾದಿಸಿಕೊಳ್ಳುವುದಿಲ್ಲ. ಕೊಕ್ಕೆಯ ಆಕಾರವನ್ನೂ ನೋಡಿ. ಬರೀ ಬಾಗಿದ ಕೊಕ್ಕೆಯ ಮೇಲೆ ಹಿಟ್ಟು ಹತ್ತಿಕೊಂಡು ತಲೆಯವರೆಗೆ ಏರುತ್ತದೆ. ಸ್ಕ್ರೂವಿನಂತೆ ತಿರುಚಿದ ಕೊಕ್ಕೆ ಹಿಟ್ಟನ್ನು ಕೆಳಕ್ಕೆ ಒತ್ತುತ್ತದೆ. ಎರಡನೆಯದು ಮೇಲು.

ಇನ್ನು ತೂಕ. ಹತ್ತು ಕಿಲೋಗ್ರಾಂ ಆಸುಪಾಸಿನ ಯಂತ್ರ ಕಪಾಟಿನಿಂದ ಎತ್ತಿ ಇಳಿಸಲು ಕಷ್ಟ ಎಂದು ದೂರುವವರಿದ್ದಾರೆ. ಎತ್ತಿ ಇಳಿಸಬೇಡಿ, ಅಡುಗೆ ಕಟ್ಟೆಯ ಮೇಲೆ ಅದಕ್ಕೊಂದು ಜಾಗ ಕೊಡಿ. ಹಗುರವಾದ ಯಂತ್ರ ಗಟ್ಟಿ ಹಿಟ್ಟು ನಾದುವಾಗ ಗ್ರಾನೈಟಿನ ಮೇಲೆ ತಾನೇ ನಡೆದುಕೊಂಡು ಹೋಗುತ್ತದೆ, ಕಟ್ಟೆಯ ಅಂಚು ಎಲ್ಲಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಹಿಟ್ಟು ನಾದುತ್ತಿರುವಾಗ ಫೋನ್ ಎತ್ತಿಕೊಂಡು ಹಜಾರಕ್ಕೆ ಹೋಗುವವರಿಗೆ ಭಾರದ ಯಂತ್ರವೂ ಬೇಡ, ಹಗುರದ್ದೂ ಬೇಡ.

ಮತ್ತೊಂದು ಮಾತು, ಗೋಧಿ ಹಿಟ್ಟಿನ ಬ್ರೆಡ್ ಮಾಡುವವರಿಗೆ. ನಮ್ಮ ಗಿರಣಿಯಲ್ಲಿ ಕಲ್ಲಿನ ನಡುವೆ ಬೀಸಿದ ಹಿಟ್ಟಿನಲ್ಲಿ ಪಿಷ್ಟದ ಕಣಗಳು ಹೆಚ್ಚು ಜಜ್ಜಿಹೋಗಿರುವುದರಿಂದ ಅದು ಮೈದಾಕ್ಕಿಂತ ಬಹಳ ಹೆಚ್ಚು ನೀರು ಕುಡಿಯುತ್ತದೆ. ಮೈದಾದ ಅಳತೆಯಲ್ಲೇ ನೀರು ಹಾಕಿದರೆ ಹಿಟ್ಟು ಕಲ್ಲಾಗಿ ಯಂತ್ರದ ಕತ್ತು ಹಿಸುಕುತ್ತದೆ; ನನ್ನ ಹಳೆಯ ಯಂತ್ರ ಸತ್ತದ್ದರಲ್ಲಿ ಈ ನನ್ನ ತಪ್ಪೂ ಸೇರಿತ್ತು. ಕಿಲೋ ಹಿಟ್ಟಿಗೆ 700ರಿಂದ 750 ಗ್ರಾಂ ನೀರು ಹಾಕಿ, ಮೊದಲು ಹಿಟ್ಟು ಮತ್ತು ನೀರನ್ನಷ್ಟೇ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಫ್ರಾನ್ಸಿನ ಬ್ರೆಡ್ ಪ್ರಾಧ್ಯಾಪಕ ರೇಮಂಡ್ ಕಾಲ್ವೆಲ್ 1970ರ ದಶಕದಲ್ಲಿ ಆಟೋಲೀಸ್ ಎಂಬ ಹೆಸರಿನಲ್ಲಿ ಬಳಕೆಗೆ ತಂದ ವಿಧಾನವಿದು. ಚಪಾತಿ ಹಿಟ್ಟು ಕಲಸಿ ಒದ್ದೆ ಬಟ್ಟೆ ಮುಚ್ಚಿಡುವ ನಮ್ಮ ಅಜ್ಜಿಯರಿಗೆ ಅದರ ಹೆಸರು ಗೊತ್ತಿರಲಿಲ್ಲ, ಅಷ್ಟೆ. ಆ ಅರ್ಧ ಗಂಟೆಯಲ್ಲಿ ಹಿಟ್ಟಿಗೆ ಹಿಗ್ಗುವ ಗುಣ ಕೊಡುವ ಗ್ಲೂಟನ್ ತಾನಾಗಿಯೇ ಕೂಡಿಕೊಳ್ಳಲು ತೊಡಗುವುದರಿಂದ ಯಂತ್ರ ನಾದಬೇಕಾದ ಹೊತ್ತು ಎಷ್ಟೋ ಕಡಿಮೆಯಾಗುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ವಾರಕ್ಕೆರಡು ಬ್ರೆಡ್ ಮಾಡುವ ನಿಮಗೆ ಆ 1,500 ವಾಟ್ ಯಂತ್ರ ಬೇಡ. ದುಬಾರಿಯದನ್ನು ಕೊಳ್ಳುವ ಶಕ್ತಿ ಈಗ ಇಲ್ಲದಿದ್ದರೆ ಮುಂದಿನ ಉತ್ತರ ಓದಿ.

ಪ್ರಶ್ನೆ: ಗ್ರೈಂಡರಿನ ಜೊತೆಗೆ ಬಂದ ಹಿಟ್ಟು ಕಲಸುವ ಬಿಡಿಭಾಗದಲ್ಲಿ ಬ್ರೆಡ್ ಹಿಟ್ಟು ನಾದಬಹುದೇ? ಬೇಕಿಂಗ್ ತರಗತಿಯವರು ಆಗುವುದೇ ಇಲ್ಲ ಎಂದರು. — ದಾವಣಗೆರೆ

ಆಗುತ್ತದೆ. ನಿಮ್ಮ ತರಗತಿಯವರು ಅದೇ ಕೋಣೆಯಲ್ಲಿ ಮಿಕ್ಸರ್‌ಗಳನ್ನೂ ಮಾರುತ್ತಾರೆಯೇ ಎಂದು ಒಮ್ಮೆ ನೋಡಿಕೊಂಡು ಬನ್ನಿ. ಸ್ವೀಡನ್ನಿನಲ್ಲಿ 1940ರಿಂದ ತಯಾರಾಗುತ್ತಿರುವ, ಈಗ ಆಂಕರ್‌ಸ್ರಮ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಯಂತ್ರವೊಂದಿದೆ. ಬ್ರೆಡ್ ಮಾಡುವವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಅದರಲ್ಲಿ ಕೊಕ್ಕೆ ಸುತ್ತುವುದಿಲ್ಲ, ಪಾತ್ರೆ ಸುತ್ತುತ್ತದೆ. ಉರುಳೆಯೊಂದು ಒಂದು ಪಕ್ಕದಲ್ಲಿ ನಿಂತು ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತುತ್ತದೆ. ನಮ್ಮ ಗ್ರೈಂಡರಿನಲ್ಲೂ ಸುತ್ತುವುದು ಪಾತ್ರೆಯೇ, ನಾದುವ ತೋಳು ನಿಂತಲ್ಲೇ ನಿಂತಿರುತ್ತದೆ. ಎರಡು ಲೀಟರಿನದರಲ್ಲಿ 400 ಗ್ರಾಂ ಮೈದಾ ಮೀರಬೇಡಿ, ಹಿಟ್ಟು ಮೆತ್ತಗಿರಲಿ, ಹದಿನೈದು ನಿಮಿಷ ಹಿಡಿಯುತ್ತದೆ. ಕ್ರೀಮ್ ಕಡೆಯಲು ಅದು ಬಾರದು. ಉದ್ದಿನ ಹಿಟ್ಟು ರುಬ್ಬಿದ ದಿನವೇ ಬ್ರೆಡ್ ಮಾಡುವವರು ಪಾತ್ರೆಯನ್ನು ಸರಿಯಾಗಿ ತೊಳೆಯಿರಿ ಎಂದು ನಾನು ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಪ್ರಶ್ನೆ: ಅಮೆರಿಕದಿಂದ ಮಗ ತಂದುಕೊಟ್ಟ ಮಿಕ್ಸರ್ ಇಲ್ಲಿ ನಡೆಯುತ್ತದೆಯೇ? ಪ್ಲಗ್ ಬದಲಿಸುವ ಅಡಾಪ್ಟರ್ ಇದೆ. — ಮೈಸೂರು

ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು, ವೋಲ್ಟೇಜನ್ನಲ್ಲ. 120 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಕ್ಷಣದಲ್ಲಿ ಹೊಗೆ ಬರುತ್ತದೆ. ವೋಲ್ಟೇಜ್ ಇಳಿಸುವ, ಯಂತ್ರದ ವಾಟಿಗಿಂತ ಎರಡು ಪಟ್ಟಾದರೂ ಸಾಮರ್ಥ್ಯವಿರುವ ಭಾರವಾದ ಟ್ರಾನ್ಸ್‌ಫಾರ್ಮರ್ ಕೊಂಡರೆ ಸಾಮಾನ್ಯವಾಗಿ ನಡೆಯುತ್ತದೆ. ಕಾರ್ಬನ್ ಬ್ರಷ್ ಇರುವ ಈ ಬಗೆಯ ಮೋಟಾರಿಗೆ ಅಲ್ಲಿಯ 60 ಹರ್ಟ್ಸ್, ಇಲ್ಲಿಯ 50 ಹರ್ಟ್ಸ್ ಎಂಬ ಭೇದ ದೊಡ್ಡದಲ್ಲ. ಪ್ರವಾಸಿಗರಿಗೆಂದು ಮಾರುವ ಅಂಗೈಯಗಲದ ಕನ್ವರ್ಟರನ್ನು ಮಾತ್ರ ಮುಟ್ಟಬೇಡಿ.

ಪ್ರಶ್ನೆ: ಯಂತ್ರದಲ್ಲಿ ನಾದಿದರೆ ಹಿಟ್ಟಿನ ಸತ್ವ ಹೋಗುತ್ತದೆ, ಕೈಯ ಸ್ಪರ್ಶವೇ ಬೇಕು ಎಂದು ಒಬ್ಬರು ಪ್ರಕೃತಿ ಆಹಾರ ತಜ್ಞರು ಹೇಳಿದರು. ನಿಜವೇ? — ಹುಬ್ಬಳ್ಳಿ

ಇಲ್ಲ. ಅದೇ ಹಿಟ್ಟು ಆಮೇಲೆ 200 ಡಿಗ್ರಿಗೂ ಮೀರಿದ ಓವನ್ನಿಗೆ ಹೋಗುತ್ತದೆ ಎಂಬುದನ್ನು ಆ ತಜ್ಞರಿಗೆ ನೆನಪಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ಮಿಕ್ಸರಿನಲ್ಲಿ ನಾದಿದ ಹಿಟ್ಟು ಅಂಟಂಟಾಗಿ ಬೇಗ ಹುಳಿ ವಾಸನೆ ಹೊಡೆಯುತ್ತದೆ. ಇನ್ನೂ ಜೋರು ವೇಗದಲ್ಲಿ, ಹೆಚ್ಚು ಹೊತ್ತು ನಾದಬೇಕೇ? — ಬಳ್ಳಾರಿ

ಅದನ್ನೇ ಮಾಡಬಾರದು. ತಿಕ್ಕಾಟದಿಂದ ಹಿಟ್ಟು ಕಾಯುತ್ತದೆ, ಕಾದ ಹಿಟ್ಟಿನಲ್ಲಿ ಯೀಸ್ಟ್ ಹುಚ್ಚುಚ್ಚಾಗಿ ಓಡುತ್ತದೆ. ಲೆಕ್ಕ ಹೀಗೆ: ನಾದಿ ಮುಗಿದಾಗ ಹಿಟ್ಟು 25 ಡಿಗ್ರಿಯಲ್ಲಿರಬೇಕು; ಕೋಣೆ, ಮೈದಾ, ನೀರು ಎಂಬ ಮೂರರ ಲೆಕ್ಕವಾದ್ದರಿಂದ ಅದರ ಮೂರು ಪಟ್ಟು 75. ಇದರಲ್ಲಿ ಕೋಣೆಯ 31, ಡಬ್ಬಿಯಲ್ಲಿರುವ ಮೈದಾದ 30, ಯಂತ್ರದ ತಿಕ್ಕಾಟಕ್ಕೆ ಸುಮಾರು 12 ಕಳೆದರೆ ಉಳಿಯುವುದು 2. ನೀರು ಅಷ್ಟು ತಣ್ಣಗಿರಬೇಕು, ಅಂದರೆ ಐಸ್ ಹಾಕಿದ ನೀರು. ಬಳ್ಳಾರಿಯ ಮೇ ತಿಂಗಳಿಗೆ ಅದೂ ಸಾಲದು, ಮೈದಾವನ್ನೂ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಡಿ. ಎರಡನೆಯ ವೇಗ ದಾಟಬೇಡಿ. ಎಂಟು ನಿಮಿಷಕ್ಕೊಮ್ಮೆ ನಿಲ್ಲಿಸಿ, ನಿಂಬೆ ಗಾತ್ರದ ಹಿಟ್ಟನ್ನು ಬೆರಳುಗಳ ನಡುವೆ ಹಿಗ್ಗಿಸಿ ನೋಡಿ. ಹರಿಯದೆ ತೆಳ್ಳಗಾಗಿ ಆಚೆಯ ಬೆಳಕು ಕಂಡರೆ ನಾದಿದ್ದು ಸಾಕು.

ಪ್ರಶ್ನೆ: ಒಂದು ಕಂಪನಿಯ ಹೆಸರು ಹೇಳಿಬಿಡಿ. — ಹಲವರು

ಹೇಳುವುದಿಲ್ಲ. ನಿಮ್ಮ ಊರಿನಲ್ಲಿ ಯಾರ ಸರ್ವಿಸ್ ಅಂಗಡಿ ತೆರೆದಿದೆ ಎಂಬುದು ನನಗೆ ಬೆಂಗಳೂರಿನಲ್ಲಿ ಕೂತು ಕಾಣುವುದಿಲ್ಲ.

ಪ್ರಶ್ನೆ: ನಾದುವ ಕೊಕ್ಕೆಯ ಬಿಳಿ ಲೇಪ ಎದ್ದು ಚೂರು ಚೂರಾಗಿ ಹಿಟ್ಟಿಗೆ ಬೀಳುತ್ತಿದೆ. ಸೋಸಿ ಬಳಸಬಹುದೇ? — ಉಡುಪಿ

ಹಿಟ್ಟನ್ನು ಹೇಗೆ ಸೋಸುತ್ತೀರಿ? ಕೊಕ್ಕೆಯನ್ನು ಇಂದೇ ಎಸೆಯಿರಿ, ಸ್ಟೀಲಿನದನ್ನು ತರಿಸಿ, ಅದು ಬರುವವರೆಗೆ ಕೈಯಲ್ಲಿ ನಾದಿ.